ಮೊದಲ ಗೇಮ್ ಬರೆಯಲು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದಗಳು. ಕಂಪ್ಯೂಟರ್ ಗೇಮ್ ಮಾಡೋದು ಕಲೀಬೇಕು, ಎಲ್ಲಿಂದ ಶುರು ಮಾಡಲಿ ಅಂತ ಫೋನಿನಲ್ಲಿ ಕೇಳಿದೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ಈ ಆಸೆ ಹುಟ್ಟಿದ್ದು ಕೇಳಿ ನನಗಂತೂ ತುಂಬಾ ಖುಷಿಯಾಯಿತು.

ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಕಾಲೇಜಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಶುರುವಾಗಿದೆ ಅಲ್ವಾ, ಸದ್ಯಕ್ಕೆ ಅದೇ ಸಾಕು. ಚಿತ್ರ, ಸದ್ದು ಬೇಕಾದಾಗ ಅದರ ಜೊತೆಗೆ ಪೈಗೇಮ್ ಅನ್ನುವ ಸೇರ್ಪಡೆ ಹಾಕಿಕೋ. ಮುಂದೆ ದೊಡ್ಡದಾಗಿ ಏನಾದರೂ ಮಾಡಬೇಕು ಅನ್ನಿಸಿದರೆ ಗೇಮ್ ಕಟ್ಟುವುದಕ್ಕೇ ಇರುವ ಗೊಡೊ ಅನ್ನುವ ಸಾಫ್ಟ್‌ವೇರ್ ಇದೆ. ಅರ್ಜೆಂಟೀನಾದ ಇಬ್ಬರು ಕಟ್ಟಿದ್ದು, 2014ರಲ್ಲಿ ಅದರ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ದುಡ್ಡು ಕೊಡಬೇಕಿಲ್ಲ. ಅದರ ಭಾಷೆಯೂ ನೋಡಲು ಪೈಥಾನ್ ಥರಾನೇ ಇದೆ. ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ವಿಡಿಯೊ ನೋಡುತ್ತಾ ಕೂತರೆ ರಜೆ ಪೂರ್ತಿ ಅದರಲ್ಲೇ ಮುಗಿಯುತ್ತದೆ. ಇಷ್ಟು ಸಾಕು, ಮುಂದಕ್ಕೆ ಹೋಗೋಣ.

ನಿಜವಾದ ಪ್ರಶ್ನೆ ಬೇರೆ: ಮೊದಲು ಯಾವ ಆಟ ಮಾಡಬೇಕು? ನೀನು ಗೆಳತಿಯರ ಜೊತೆ ಆಡುವಂಥ, ಊರಿಡೀ ಕಾರಿನಲ್ಲಿ ಸುತ್ತುವ ಆಟ ಮಾಡಬೇಕು ಅಂದೆ. ಅಂಥದ್ದನ್ನು ನೂರಾರು ಜನ ವರ್ಷಗಟ್ಟಲೆ ಕೂತು ಮಾಡಿರುತ್ತಾರೆ. ಅದು ಆಮೇಲಾಗಲಿ. ಮೊದಲು ಅಳಗುಳಿಮಣೆ ಮಾಡು. ಮುಖ ಸಿಂಡರಿಸಬೇಡ, ಪೂರ್ತಿ ಓದು.

ಆ ಆಟ ನಿನ್ನ ಕೈಗೆ ಗೊತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಅಜ್ಜಿ ಮನೆಯಲ್ಲಿ ಗುಳಿಗೆ ಐದೈದು ಹುಣಸೆಬೀಜ ಹಾಕಿ ಶುರು ಮಾಡುತ್ತೇವೆ. ಪೈಥಾನ್‌ನಲ್ಲಿ ಇದು ಬರೀ 14 ಸಂಖ್ಯೆಗಳ ಒಂದು ಲಿಸ್ಟ್, ಎಲ್ಲವೂ 5. ಲಿಸ್ಟಿನ ಎಣಿಕೆ 0ಯಿಂದ ಶುರುವಾಗುವುದರಿಂದ 0ಯಿಂದ 6 ನಿನ್ನ ಸಾಲು, 7ರಿಂದ 13 ಅಜ್ಜಿಯ ಸಾಲು. ಒಂದು ಗುಳಿ ಖಾಲಿ ಮಾಡಿ ಮುಂದಿನ ಗುಳಿಗಳಿಗೆ ಒಂದೊಂದೇ ಬೀಜ ಹಾಕುತ್ತಾ ಹೋಗುವುದು ಒಂದು ಲೂಪ್, ಅಂದರೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. 13ನೇ ಗುಳಿ ಆದ ಮೇಲೆ ಸುತ್ತಿಕೊಂಡು 0ಗೆ ಬರಬೇಕು. ಅದಕ್ಕೆ ಗುಳಿಯ ನಂಬರಿಗೆ ಒಂದು ಕೂಡಿ, 14ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೋ. 13ಕ್ಕೆ ಒಂದು ಕೂಡಿದರೆ 14, ಶೇಷ 0. ಪ್ರೈಮರಿಯಲ್ಲಿ ಕಲಿತ ಶೇಷ ಇಷ್ಟು ಚೆಂದವಾಗಿ ಕೆಲಸಕ್ಕೆ ಬರುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕೊನೆಯ ಬೀಜ ಹಾಕಿದ ಮೇಲೆ ಅದರ ಪಕ್ಕದ ಗುಳಿಯದನ್ನು ತೆಗೆದು ಮತ್ತೆ ಹಂಚಬೇಕು. ಪಕ್ಕದ್ದು ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿರುವುದು ನಿನ್ನದು, ಅಲ್ಲಿಗೆ ಸರದಿ ಮುಗಿಯಿತು. ಇಷ್ಟು ಬರೆದ ಮೇಲೆ ಒಂದು ಪರೀಕ್ಷೆ ಮಾಡು. 2ನೇ ನಂಬರಿನ ಗುಳಿಯಿಂದ ತೆಗೆದು ಆಡಿಸು. ಕೈ ಐದು ಸಲ ತುಂಬಿ ಖಾಲಿಯಾಗಿ, ಕೊನೆಗೆ 7 ಬೀಜ ಸಿಗಬೇಕು. ಬೇರೆ ಯಾವ ಗುಳಿಯಿಂದ ಶುರು ಮಾಡಿದರೂ ಮೊದಲ ಸರದಿಗೆ 7ನ್ನೇ ಕೊಡುತ್ತದೆ. ಎಲ್ಲ ಗುಳಿಯಲ್ಲೂ ಒಂದೇ ಸಮ ಬೀಜ, ದಾರಿಯೂ ವೃತ್ತ, ಹಾಗಿರುವಾಗ ಬೇರೆ ಬರಲು ಸಾಧ್ಯವಿಲ್ಲ. ನಿನ್ನ ಪ್ರೋಗ್ರಾಂ 6 ಅಂದರೆ ಎಲ್ಲೋ ತಪ್ಪಿದೆ.

ಇನ್ನೊಂದು ಕಾವಲು ಇಡು. ಪ್ರತಿ ಸರದಿ ಮುಗಿದಾಗ 14 ಗುಳಿಗಳ ಬೀಜ, ನೀನು ಗೆದ್ದದ್ದು, ಅಜ್ಜಿ ಗೆದ್ದದ್ದು, ಎಲ್ಲ ಕೂಡಿಸಿ ನೋಡು. 70 ಇರಲೇಬೇಕು. 69 ಬಂದರೆ ಒಂದು ಬೀಜ ಎಲ್ಲೋ ಬಿದ್ದಿದೆ, 70 ದಾಟಿದರೆ ಗುಳಿ ಖಾಲಿ ಮಾಡದೆ ಹಂಚಿರಬಹುದು. ಆಫೀಸಿನಲ್ಲಿ ನಾವು ಸಂಬಳದ ಲೆಕ್ಕದ ಸಾಫ್ಟ್‌ವೇರ್ ಬರೆಯುವಾಗಲೂ ಇಂಥ ಕಾವಲುಗಳನ್ನೇ ಇಡುತ್ತೇವೆ. ಇದನ್ನು ಈಗಲೇ ರೂಢಿ ಮಾಡಿಕೊಂಡರೆ ಜೀವನಪೂರ್ತಿ ಕೈ ಹಿಡಿಯುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಬರೆಯುತ್ತಾ ಹೋದ ಹಾಗೆ, ಆಡುವಾಗ ಯಾರೂ ಕೇಳದ ಪ್ರಶ್ನೆಗಳು ಏಳುತ್ತವೆ. ಎರಡು ಖಾಲಿ ಗುಳಿ ಒಟ್ಟಿಗೇ ಬಂದರೆ? ನನ್ನ ಸರದಿ ಬಂದಾಗ ನನ್ನ ಸಾಲಿನಲ್ಲಿ ಒಂದು ಬೀಜವೂ ಇಲ್ಲದಿದ್ದರೆ? ಮಣೆಯ ಮುಂದೆ ಕೂತಾಗ ಅಜ್ಜಿ 'ಬಿಡು, ಇನ್ನೊಂದು ಆಟ ಆಡೋಣ' ಅಂದುಬಿಡುತ್ತಾರೆ. ಕಂಪ್ಯೂಟರಿಗೆ ಹಾಗನ್ನಲು ಬರುವುದಿಲ್ಲ. ಪ್ರತಿಯೊಂದಕ್ಕೂ ನೀನು ಉತ್ತರ ಬರೆದಿಡಬೇಕು. ಗೇಮ್ ಮಾಡುವುದು ಅಂದರೆ ನನ್ನ ಪ್ರಕಾರ ಇದೇ. ಏನಾದರೆ ಏನಾಗಬೇಕು ಅಂತ ನೀನೇ ತೀರ್ಮಾನ ಮಾಡುವುದು. ಚಿತ್ರ, ಬಣ್ಣ ಎಲ್ಲ ಆಮೇಲೆ. ಅನುಮಾನ ಬಂದ ನಿಯಮಕ್ಕೆ ಅಜ್ಜಿಗೇ ಫೋನ್ ಮಾಡಿ ಕೇಳು. ಊರಿಗೊಂದು ಥರ ಆಡುತ್ತಾರೆ, ನಮ್ಮ ಮನೆಯದನ್ನು ಬರಿ.

ಚಿತ್ರ ಬಿಡಿಸಲು ಬರಲ್ಲ ಅಂತ ಹೆದರಬೇಡ. 14 ಸಂಖ್ಯೆಗಳನ್ನು ಎರಡು ಸಾಲಿನಲ್ಲಿ ತೋರಿಸಿದರೂ ಆಟ ಆಟವೇ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಟೆಟ್ರಿಸ್ ಮಾಡಿದ ಎಲೆಕ್ಟ್ರೋನಿಕಾ 60 ಯಂತ್ರ ತೆರೆಯ ಮೇಲೆ ಅಕ್ಷರ, ಚಿಹ್ನೆಗಳನ್ನು ಬಿಟ್ಟು ಬೇರೇನನ್ನೂ ತೋರಿಸುತ್ತಿರಲಿಲ್ಲ. ಅವರು ಬೀಳುವ ತುಂಡುಗಳನ್ನು ಆವರಣ ಚಿಹ್ನೆಗಳಿಂದಲೇ ಮಾಡಿದರು.

ಎರರ್ ಬಂದಾಗ ಕೆಂಪು ಸಾಲುಗಳನ್ನು ನೋಡಿ ಗಾಬರಿಯಾಗಬೇಡ. ಪೈಥಾನ್‌ನಲ್ಲಿ ಕೆಳಗಿನಿಂದ ಓದು. ಕೊನೆಯ ಸಾಲಿನಲ್ಲಿ ಏನಾಯಿತು ಅಂತ ಇರುತ್ತದೆ, ಅದರ ಮೇಲೆ ಯಾವ ಸಾಲಿನಲ್ಲಿ ಆಯಿತು ಅಂತ. ಏಐ ಹತ್ತಿರ ಕೇಳಿದರೆ ಇಡೀ ಅಳಗುಳಿಮಣೆಯನ್ನು ಅದೇ ಬರೆದುಕೊಡುತ್ತದೆ. ಈ ಒಂದು ಆಟಕ್ಕೆ ಕೇಳಬೇಡ. ಒಂದು ಎರರ್‌ಗೆ ಅರ್ಥ ಕೇಳು, ತಪ್ಪಿಲ್ಲ. ಕೋಡ್ ಮಾತ್ರ ನಿನ್ನ ಕೈಯಿಂದಲೇ ಆಗಲಿ.

ಅದು ಮುಗಿದ ಮೇಲೆ ಓಡಾಡುವ ಆಟಕ್ಕೆ ಬಾ. ಪಾಂಗ್ ಮಾಡು, ಎರಡು ಬ್ಯಾಟು, ಒಂದು ಚೆಂಡು. ಅಟಾರಿ ಕಂಪನಿಯವರು 1972ರಲ್ಲಿ ತಂದ ಆಟ. ಅದನ್ನು ಕಟ್ಟಿದ ಅಲನ್ ಆಲ್ಕಾರ್ನ್ ಅದಕ್ಕೂ ಮುಂಚೆ ಗೇಮ್ ಮಾಡಿದವರೇ ಅಲ್ಲ. ಕೈ ಪಳಗಲಿ ಅಂತ ಅಟಾರಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್ ಕೊಟ್ಟ ಅಭ್ಯಾಸದ ಕೆಲಸ ಅದು. ಆಲ್ಕಾರ್ನ್ ಬ್ಯಾಟನ್ನು ಎಂಟು ಭಾಗ ಮಾಡಿದರು. ನಡುವೆ ತಗುಲಿದ ಚೆಂಡು ನೇರ ಹೋಗುತ್ತದೆ, ಅಂಚಿಗೆ ತಗುಲಿದ್ದು ಓರೆಯಾಗಿ ಚಿಮ್ಮುತ್ತದೆ. ಮೊದಲು ಚೆಂಡು ಸುಮ್ನೆ ಪುಟಿಯುವ ಹಾಗೆ ಬರಿ, ಆಡು. ಆಮೇಲೆ ಈ ಎಂಟು ಭಾಗ ಸೇರಿಸಿ ಆಡು. ವ್ಯತ್ಯಾಸ ನಿನಗೇ ತಿಳಿಯುತ್ತದೆ.

ಇಂಥ ಆಟದ ಒಳಗೆ ಒಂದೇ ಲೂಪ್ ತಿರುಗುತ್ತಿರುತ್ತದೆ. ಯಾವ ಕೀ ಒತ್ತಿದ್ದಾರೆ ನೋಡು, ಎಲ್ಲವನ್ನೂ ಸ್ವಲ್ಪ ಸರಿಸು, ತೆರೆಯನ್ನು ಹೊಸದಾಗಿ ಬರೆ. ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ. ಸುತ್ತಿಗೆ 5 ಪಿಕ್ಸೆಲ್ (ತೆರೆಯ ಚುಕ್ಕಿ) ಸರಿಸು ಅಂತ ಬರೆದರೆ, ಸೆಕೆಂಡಿಗೆ 30 ಸುತ್ತು ಮಾತ್ರ ಆಗುವ ಲ್ಯಾಪ್‌ಟಾಪಿನಲ್ಲಿ ಚೆಂಡಿನ ವೇಗ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಸೆಕೆಂಡಿಗೆ 300 ಪಿಕ್ಸೆಲ್ ಅಂತ ಇಟ್ಟುಕೊಂಡು, ಹಿಂದಿನ ಸುತ್ತಿನಿಂದ ಕಳೆದ ಸಮಯದಿಂದ ಗುಣಿಸು.

ಯಂತ್ರದ ವೇಗವೇ ಆಟಕ್ಕೆ ಜೀವ ಕೊಟ್ಟದ್ದೂ ಉಂಟು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರು ಜೋರಾಗಿ ಬರುತ್ತಾರೆ. ಬಿಡಿಸಬೇಕಾದದ್ದು ಕಡಿಮೆಯಾದಾಗ ಯಂತ್ರ ಹಗುರಾಗುತ್ತಿತ್ತು, ಅಷ್ಟೇ. ಆಟ ಮಾಡಿದ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು, ಆಡುವವರ ಎದೆ ಹೊಡೆದುಕೊಂಡಿತು.

ಕ್ಯಾರೊಲ್ ಶಾ ಹೆಸರು ನಿನಗೆ ಗೊತ್ತಿರಲಿ. ಆಕ್ಟಿವಿಷನ್ ಕಂಪನಿಯಲ್ಲಿದ್ದಾಗ 1982ರಲ್ಲಿ, ನದಿಯ ಮೇಲೆ ವಿಮಾನ ಹಾರಿಸುವ ರಿವರ್ ರೇಡ್ ಆಟ ಮಾಡಿದವರು. ಅದು ಬರೀ 4 ಕಿಲೋಬೈಟಿನ ಕಾರ್ಟ್ರಿಜ್. ಅಷ್ಟುದ್ದದ ನದಿಯನ್ನು ಅದರಲ್ಲಿ ತುಂಬಿಡಲು ಆಗದು. ಅವರು ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟುವ ಲೆಕ್ಕ ಬರೆದು, ಆ ಸಂಖ್ಯೆಗಳಿಂದ ನದಿಯ ತಿರುವು, ನಡುಗಡ್ಡೆ ಎಲ್ಲ ಮೂಡುವ ಹಾಗೆ ಮಾಡಿದರು. ಶುರುವಿನ ಸಂಖ್ಯೆ ಅದೇ ಆದ್ದರಿಂದ ಎಷ್ಟು ಸಲ ಆಡಿದರೂ ಅದೇ ನದಿ. ಪಾಂಗ್ ಆದ ಮೇಲೆ ಇಂಥದ್ದೊಂದನ್ನು ಮಾಡಿ ನೋಡು, ನಿನಗೆ ಹಿಡಿಸುತ್ತದೆ.

ಅಳಗುಳಿಮಣೆ ಮುಗಿದ ದಿನ ಅಜ್ಜಿ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗು. ಅವರನ್ನು ಕೂರಿಸಿ ಆಡಲು ಕೊಡು, ನೀನು ಬಾಯಿ ಬಿಡಬೇಡ. ಯಾವ ಕೀ ಒತ್ತಬೇಕು ಅಂತ ಕೇಳಿದರೆ ಅದನ್ನು ತೆರೆಯ ಮೇಲೆ ಬರೆಯಬೇಕಿತ್ತು ಅಂತ ಅರ್ಥ. ಎಲ್ಲೆಲ್ಲಿ ತಡೆದರು, ಯಾರ ಸರದಿ ಅಂತ ಎಲ್ಲಿ ಗೊಂದಲವಾಯಿತು, ಎಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೋ. ಆ ಹಾಳೆಯ ಫೋಟೊ ಮತ್ತು ನಿನ್ನ ಪ್ರೋಗ್ರಾಂ ಎರಡನ್ನೂ ನನಗೆ ಕಳಿಸು. ಭಾನುವಾರ ಬೆಳಗ್ಗೆ ವಿಡಿಯೊ ಕಾಲ್ ಮಾಡುತ್ತೇನೆ, ಇಬ್ಬರೂ ಸೇರಿ ಒಂದೊಂದಾಗಿ ಸರಿ ಮಾಡೋಣ.

ಇಂತಿ,
ನಿನ್ನ ಅಮ್ಮ