ಶನಿವಾರ ಸುಲು ಅವರ ಭೇಟಿ: ಬರುವವರು ಓದಿ

ಎಲ್ಲರಿಗೂ ನಮಸ್ಕಾರ.

ಲಾಸ್ ವೇಗಾಸ್‌ನ ಸ್ಟಾರ್ ಟ್ರೆಕ್ (ಅಮೆರಿಕದ ಬಾಹ್ಯಾಕಾಶ ಕಥೆಯ ಟಿವಿ ಧಾರಾವಾಹಿ) ಅಭಿಮಾನಿಗಳ ಸಮಾವೇಶಕ್ಕೆ ಬರುವವರೆಲ್ಲ ಶನಿವಾರ ಬೆಳಿಗ್ಗೆ 8ಕ್ಕೆ ಹೋಟೆಲ್ ಲಾಬಿಯಲ್ಲಿ ಸೇರೋಣ. 10ಕ್ಕೆ ಜಾರ್ಜ್ ಟಕೇ ಜೊತೆ ಫೋಟೋ. 1966ರಲ್ಲಿ ಶುರುವಾದ ಮೂಲ ಧಾರಾವಾಹಿಯಲ್ಲಿ ಸುಲು ಪಾತ್ರ ಮಾಡಿದ ನಟ! ಅವರು ಹುಟ್ಟಿದ್ದು 1937ರಲ್ಲಿ. ವಯಸ್ಸು ನೆನಪಿರಲಿ, ಹೆಗಲ ಮೇಲೆ ಕೈ ಹಾಕಲು ಹೋಗಬೇಡಿ. ಹೆಸರು ‘ಟಕೇ’, ‘ಟಕಾಯ್’ ಅಲ್ಲ.

ಪ್ರವೇಶ, ಫೋಟೋ, ಹಸ್ತಾಕ್ಷರ ಮೂರಕ್ಕೂ ಬೇರೆ ಬೇರೆ ಟಿಕೆಟ್. ಫೋಟೋ ಅಂದರೆ ಕೆಲವೇ ಸೆಕೆಂಡು, ಮಾತಿಗೆ ಸಮಯವೇ ಸಿಗುವುದಿಲ್ಲ. ಮಾತಾಡಬೇಕು ಅನ್ನುವವರಿಗೆ ಹಸ್ತಾಕ್ಷರದ ಮೇಜೇ ವಾಸಿ. ನಿಮ್ಮ ಹೆಸರನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ತನ್ನಿ. ನಮ್ಮ ಉದ್ದುದ್ದ ಹೆಸರು ಕೇಳಿ ಬರೆಯುವುದು ಯಾರಿಗಾದರೂ ಕಷ್ಟ, ಅಲ್ವಾ?

ಏನು ಹೇಳಬೇಕು ಅಂತ ಮೊದಲೇ ಯೋಚಿಸಿಕೊಳ್ಳಿ. ಹಿಂದೊಮ್ಮೆ ಇನ್ನೊಬ್ಬ ನಟರೆದುರು ನಾನು ಸುಮ್ನೆ ಬಾಯಿ ಬಿಟ್ಟುಕೊಂಡು ನಿಂತು ಬಂದೆ! ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಶಿಬಿರಗಳಲ್ಲಿ ಟಕೇ ಬಾಲ್ಯದ ಕೆಲವು ವರ್ಷ ಕಳೆದಿದ್ದರು. ಅದರ ಬಗ್ಗೆ ಈಗಲೂ ಮನಬಿಚ್ಚಿ ಮಾತಾಡುತ್ತಾರೆ. ಅವರ ಪ್ರಸಿದ್ಧ ಉದ್ಗಾರ ‘ಓ ಮೈ’ ಹೇಳಿ ಅಂತ ಮಾತ್ರ ಪೀಡಿಸಬೇಡಿ, ಕೇಳಿ ಕೇಳಿ ಸಾಕಾಗಿರುತ್ತದೆ.

ಯಾರು ಬರುತ್ತೀರಿ, ಯಾವ ಟಿಕೆಟ್ ಇದೆ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಕಾರಿನಲ್ಲಿ ಇನ್ನು ಎರಡೇ ಸೀಟು ಉಳಿದಿವೆ.