ನಾಳೆ ನಾಲ್ಕು ಗಂಟೆಯೊಳಗೆ ಕೊಡಬೇಕಾದ ಫಾರ್ಮು

ಪುಟ್ಟಿ,

ಈ ಕಾಗದ ನಿನ್ನ ಬಾಟನಿ ರೆಕಾರ್ಡಿನ ಒಳಗೆ ಇಡ್ತಿದ್ದೀನಿ. ಮೊಬೈಲಿಗೆ ಕಳಿಸಿದ್ರೆ ನೋಡಿ ಸುಮ್ಮನಿದ್ದು ಬಿಡ್ತೀಯ, ಆ ಎರಡು ನೀಲಿ ಟಿಕ್ ನೋಡ್ಕೊಂಡು ನನಗೆ ಡ್ಯೂಟೀಲಿ ಕೂರೋಕಾಗಲ್ಲ. ಈಗ ರಾತ್ರಿ ಹನ್ನೊಂದೂವರೆ. ಅಮ್ಮ ಮಲಗಿದ್ದಾಳೆ. ನಿನ್ನ ರೂಮಿನ ಬಾಗಿಲ ಸಂದಿಯಿಂದ ಬೆಳಕು ಬರ್ತಿದೆ. ಎದ್ದು ಬಂದು ತಟ್ಟೋದಕ್ಕೆ ನಾಲ್ಕು ಹೆಜ್ಜೆ ಸಾಕು, ಅದಕ್ಕಿಂತ ಬರೆಯೋದೇ ಸುಲಭ ಅನ್ನಿಸಿದೆ.

ಭಾನುವಾರದ ಜಗಳದ ಮಾತು ಮತ್ತೆ ಎತ್ತಲ್ಲ. ತಟ್ಟೆ ವಿಷಯಾನೂ ಬೇಡ. ನೀಟ್ ಕಥೆ ಮುಗಿದು ಹೋಯ್ತು. ಕಾಲೇಜಲ್ಲಿ ಯಾವ ಪೇಪರ್ ಬೇಕು ಅಂತ ಆರಿಸೋ ಆ ಫಾರ್ಮಿನ ಬಗ್ಗೆ ಮಾತ್ರ ಬರೀತೀನಿ. ಬಯೋಸ್ಟ್ಯಾಟಿಸ್ಟಿಕ್ಸ್, ಅಂದ್ರೆ ಬಯಾಲಜಿಯ ಅಂಕಿ-ಅಂಶದ ಲೆಕ್ಕ, ಅದರ ಮುಂದೆ ಖಾಲಿ ಬಿಟ್ಟಿದ್ದೀಯ, ಅಣಬೆ ಬೇಸಾಯದ ಮುಂದೆ ಟಿಕ್ ಹಾಕಿದ್ದೀಯ. ಕದ್ದು ನೋಡಿದ್ದಲ್ಲ ಕಣೇ, ಟೀವಿ ಮುಂದೆ ಬಿದ್ದಿತ್ತು, ಕಾಫಿ ಲೋಟ ಇಡೋಕೆ ಅಂತ ಸರಿಸಿದೆ.

"ಅಪ್ಪಂಗೇನು ಗೊತ್ತು" ಅಂದೆ ನೀನು. ಸರಿಯಾಗೇ ಅಂದೆ. ನಾನು ಪಿಯುಸಿ ದಾಟಿದವನಲ್ಲ, ಪಾಠ ಮಾಡಿದವನಲ್ಲ. ಆದ್ರೆ ಇಪ್ಪತ್ತಾರು ವರ್ಷ ಬಾಟನಿ ಲ್ಯಾಬಲ್ಲಿ ಸ್ಲೈಡ್ ತೊಳೆದಿದ್ದೀನಿ, ಎಲೆಯ ತೆಳು ಸೆಕ್ಷನ್ ಕತ್ತರಿಸುವಾಗ ಮಧ್ಯೆ ಇಟ್ಟು ಹಿಡಿಯೋಕೆ ಕ್ಯಾರೆಟ್ ಸೀಳಿ ಕೊಟ್ಟಿದ್ದೀನಿ, ಪರೀಕ್ಷೆ ದಿನ ಮಕ್ಕಳು ಗುರುತಿಸೋಕೆ ಅಂತ ಇಡೋ ಸ್ಪಾಟರ್ಸ್‌ಗೆ ನಂಬರ್ ಚೀಟಿ ಅಂಟಿಸಿದ್ದೀನಿ. 2021ರಲ್ಲಿ ಇನ್ಮೇಲೆ ನಾಲ್ಕು ವರ್ಷದ ಡಿಗ್ರಿ, ಕರ್ನಾಟಕವೇ ಮೊದಲು ಅಂದ್ರು. 2024ರಲ್ಲಿ ಬೇಡ, ಮತ್ತೆ ಮೂರೇ ವರ್ಷ ಅಂದ್ರು. ಅದೇ ಬೀರು, ಅದೇ ಹದಿನೆಂಟು ಮೈಕ್ರೋಸ್ಕೋಪು. ಮೊದಲ ವರ್ಷದವರಿಗೊಂದು ಸಿಲಬಸ್ಸು, ಮೂರನೇ ವರ್ಷದವರಿಗೆ ಇನ್ನೊಂದು. ಎರಡಕ್ಕೂ ಸಾಮಾನು ಹೊಂದಿಸಿದವನು ನಾನು. ಯಾವ ಹುಡುಗರು ಯಾವ ಕಡೆ ಹೋದ್ರು ಅನ್ನೋದು ಮೇಷ್ಟ್ರಿಗಿಂತ ನನಗೆ ನೆನಪಿರುತ್ತೆ, ಯಾಕಂದ್ರೆ ನೋ ಡ್ಯೂ ಸರ್ಟಿಫಿಕೇಟಿಗೆ ಕೊನೇಲಿ ನನ್ನ ಹತ್ರಾನೇ ಬರಬೇಕು.

ಒಂದು ದಿನದ ವಿಷಯ ಹೇಳ್ತೀನಿ. ನಿನಗೆ ನೆನಪಿದೆಯೋ ಇಲ್ಲವೋ.

ನಿನಗೆ ಏಳೋ ಎಂಟೋ. ಸ್ಕೂಲಿಗೆ ದಸರಾ ರಜೆ. ಅಮ್ಮನಿಗೆ ಗಾರ್ಮೆಂಟ್ಸಲ್ಲಿ ರಜೆ ಕೊಟ್ಟಿರಲಿಲ್ಲ, ನಿನ್ನನ್ನ ಲ್ಯಾಬಿಗೆ ಕರ್ಕೊಂಡು ಹೋಗಿದ್ದೆ. ಮಾರನೇ ದಿನ ಈರುಳ್ಳಿ ಬೇರಿನ ಪ್ರಾಕ್ಟಿಕಲ್ ಇತ್ತು. ಬೇರಿನ ತುದಿ ಹಿಂದಿನ ದಿನಾನೇ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್ಡಿಗೆ ಮೂರು ಪಾಲು ಆಲ್ಕೋಹಾಲ್ ಹಾಕಿ ನೆನೆಸಿಟ್ಟಿದ್ದೆ. ಕೆಲವು ಸಲ ಸ್ಟೇನ್, ಅಂದ್ರೆ ಹಾಕೋ ಬಣ್ಣ, ಹಳೇದಾಗಿ ಕೈ ಕೊಡುತ್ತೆ, ಅದಕ್ಕೇ ನಾನು ಒಂದು ಸ್ಲೈಡ್ ಮಾಡಿ ನೋಡೋ ಅಭ್ಯಾಸ. ವಾಚ್ ಗ್ಲಾಸಲ್ಲಿ ಬೇರಿನ ತುದಿಗೆ ಅಸಿಟೋಕಾರ್ಮಿನ್ ಅನ್ನೋ ಕೆಂಪು ಬಣ್ಣ ಹಾಕಿ ಸ್ಪಿರಿಟ್ ಲ್ಯಾಂಪ್ ಮೇಲೆ ಬೆಚ್ಚಗೆ ಮಾಡಿದೆ. ಕುದಿಯಬಾರದು. ತುದಿಯ ಎರಡು ಮಿಲಿಮೀಟರ್ ಮಾತ್ರ ಸ್ಲೈಡಿಗೆ, ಮೇಲೆ ಕವರ್ ಸ್ಲಿಪ್, ಅದರ ಮೇಲೆ ಬ್ಲಾಟಿಂಗ್ ಪೇಪರ್, ಹೆಬ್ಬೆರಳಲ್ಲಿ ಒಂದೇ ಒತ್ತು. ಅತ್ತಿತ್ತ ಜಾರಿಸಿದ್ರೆ ಕೆಟ್ಟಿತು. ಆಮೇಲೆ ನಿನ್ನ ಸ್ಟೂಲ್ ಮೇಲೆ ನಿಲ್ಲಿಸಿ ತೋರಿಸಿದೆ.

"ಅಪ್ಪಾ, ಕೆಲವು ಮನೇಲಿ ಚುಕ್ಕಿ ಇದೆ, ಕೆಲವು ಮನೇಲಿ ದಾರ ಇದೆ" ಅಂದೆ.

ನನಗೆ ಕೆಲಸ ಬಾಕಿ ಇತ್ತು. ನೀನು ಸುಮ್ಮನಿರಲಿ ಅಂತ, ದಾರ ಇರೋ ಮನೆ ಎಷ್ಟು, ಒಟ್ಟು ಮನೆ ಎಷ್ಟು, ಎಣಿಸು ಅಂದೆ. ಐದು ನಿಮಿಷ ಅಂದ್ಕೊಂಡಿದ್ದೆ. ನೀನು ಬ್ಲಾಟಿಂಗ್ ಪೇಪರಿನ ಚೂರಲ್ಲಿ ಪೆನ್ಸಿಲ್ ಗೆರೆ ಎಳೀತಾ ಹೋದೆ, ನಾಲ್ಕು ನೆಟ್ಟಗೆ, ಐದನೇದು ಅಡ್ಡ. ಮಧ್ಯೆ ತಪ್ಪಿತು. ಅಳಲಿಲ್ಲ. ಮತ್ತೆ ಮೊದಲಿಂದ. ಮತ್ತೆ ತಪ್ಪಿತು. ಮೂರನೇ ಸಲ ಮುಗೀತು. ಒಟ್ಟು 63, ದಾರ ಇರೋದು 9. ಇಲ್ಲ, ಒಟ್ಟು 68 ಇರಬೇಕು. ನಾನು ಹತ್ತು ವರ್ಷದಿಂದ ಇದನ್ನ ಯೋಚಿಸ್ತಾ ಇದ್ದೀನಿ, 9 ಮಾತ್ರ ಗ್ಯಾರಂಟಿ.

ಆಗ ನಮ್ಮ ಬಾಟನಿ ಮೇಡಂ ಒಳಗೆ ಬಂದ್ರು. ಗೆರೆ ನೋಡಿದ್ರು, ತಾವೂ ಬಗ್ಗಿ ಮೈಕ್ರೋಸ್ಕೋಪ್ ನೋಡಿದ್ರು. "ಇದು ಮೈಟಾಟಿಕ್ ಇಂಡೆಕ್ಸ್ ಅಲ್ವೇನ್ರೀ! ದಾರ ಕಾಣೋ, ಅಂದ್ರೆ ಒಡೆದು ಎರಡಾಗ್ತಿರೋ ಜೀವಕೋಶ ನೂರಕ್ಕೆ ಎಷ್ಟು ಅನ್ನೋ ಲೆಕ್ಕ. ನಮ್ಮ ಡಿಗ್ರಿ ಹುಡುಗರು ಎಣಿಸೋದೇ ಇಲ್ಲ, ಪಕ್ಕದವರ ರೆಕಾರ್ಡ್ ನೋಡಿ ಇಳಿಸ್ತಾರೆ. ಯಾರು ಎಣಿಸಿದ್ದು?" ಅಂದ್ರು.

ನಾನು ಏನಂದೆ ಗೊತ್ತಾ? "ಅಯ್ಯೋ, ಆಟ ಆಡ್ತಿದ್ದಾಳೆ ಮೇಡಂ, ಅವಳಿಗೇನು ಗೊತ್ತಾಗುತ್ತೆ" ಅಂದೆ. ದೊಡ್ಡವರ ಮುಂದೆ ನಮ್ಮ ಮಕ್ಕಳನ್ನ ಹೊಗಳಬಾರದು ಅನ್ನೋ ಒಂದು ರೋಗ ನಮಗೆ. ಹೇಳಿ, ಆ ಪೇಪರಲ್ಲೇ ಟೇಬಲ್ ಮೇಲೆ ಚೆಲ್ಲಿದ್ದ ಸ್ಟೇನ್ ಒರೆಸಿ ಬುಟ್ಟಿಗೆ ಹಾಕಿದೆ. ನೀನು ಸ್ಟೂಲ್ ಮೇಲೇ ನಿಂತಿದ್ದೆ.

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಾಗ ಗಣಿತದಲ್ಲಿ 41. ಆವತ್ತೂ ಸಮಾಧಾನಕ್ಕೆ ಅಂತ "ಗಣಿತ ನಮ್ಮ ವಂಶಕ್ಕೇ ಒಲಿಯೋದಲ್ಲ ಬಿಡು" ಅಂದೆ. ನಿಜಕ್ಕೂ ಸಮಾಧಾನಕ್ಕೇ ಅಂದಿದ್ದು. ಆದ್ರೆ ಅಲ್ಲಿಂದಾಚೆಗೆ ನೀನು ಅಂಕಿ ಇರೋ ಯಾವುದನ್ನೂ ಮುಟ್ಟಲಿಲ್ಲ. ಡಿಗ್ರೀಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ತಗೊಂಡಾಗ "ಇದರಲ್ಲಿ ಮ್ಯಾಥ್ಸ್ ಇಲ್ಲ ಅಪ್ಪ" ಅಂತ ಎಷ್ಟು ಖುಷಿಯಾಗಿದ್ದೆ. ಆ ಖುಷಿ ನೋಡಿ ನನಗೆ ಹೊಟ್ಟೇಲಿ ಏನೋ ಆಯ್ತು, ಹೇಳಲಿಲ್ಲ. ಹೇಳಬೇಕಾದಾಗ ಹೇಳದೆ ಮೊನ್ನೆ ಕೂಗಾಡಿದೆ. ತಪ್ಪಾಯ್ತು ಕಣಮ್ಮ.

ಬಾಟನೀಲಿ ಮ್ಯಾಥ್ಸ್ ಇಲ್ಲ ಅನ್ನೋದು ಸುಳ್ಳು. ನಮ್ಮ ಲ್ಯಾಬಲ್ಲಿ ಕೆಂಪು ಬಿಳಿ ಮಣಿಯ ಡಬ್ಬ ಇದೆಯಲ್ಲ, ಚಿಕ್ಕಪೇಟೆಯಿಂದ ನಾನೇ ತಂದಿದ್ದು. ಪ್ರತಿ ಬ್ಯಾಚ್ ಆದ್ಮೇಲೆ ಸಂಜೆ ಕೂತು ಇನ್ನೂರು ಮಣಿ ಎಣಿಸ್ತೀನಿ, ಯಾವಾಗಲೂ ನಾಲ್ಕೋ ಐದೋ ಕಮ್ಮಿ ಇರುತ್ತೆ. ಆ ಮಣಿಗಳು ಇರೋದೇ ಕೈ-ಸ್ಕ್ವೇರ್ ಲೆಕ್ಕಕ್ಕೆ, ಅಂದ್ರೆ ನಾವು ಊಹಿಸಿದ್ದಕ್ಕೂ ಎಣಿಸಿದಾಗ ಬಂದಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡೋದಕ್ಕೆ. ಹಿಂದಿನ ಬೆಂಚಿನ ಹತ್ರ ಸಿಂಕಲ್ಲಿ ತೊಳೀತಾ ತೊಳೀತಾ ಕೇಳಿಸ್ಕೊಂಡು, 3.84 ಅನ್ನೋ ಅಂಕಿ ನನಗೆ ಮನೆ ನಂಬರಿನ ಹಾಗೆ ಬಾಯಿಪಾಠ. ಎರಡೇ ಗುಂಪು ಇದ್ದಾಗ ಅದಕ್ಕಿಂತ ಕಮ್ಮಿ ಬಂದ್ರೆ ಪಾಸು, ಜಾಸ್ತಿ ಬಂದ್ರೆ ನಮ್ಮ ಊಹೆಯಲ್ಲೇ ಏನೋ ಎಡವಟ್ಟು. ಮೆಂಡೆಲ್ ಪಾದ್ರಿ ಒಂದೇ ಪ್ರಯೋಗದಲ್ಲಿ 7,324 ಬಟಾಣಿ ಎಣಿಸಿದ. ದುಂಡಗಿದ್ದದ್ದು 5,474, ಸುಕ್ಕಾಗಿದ್ದದ್ದು 1,850. ಹೂವಿನ ಅಂದ ನೋಡಿದವರು ಅವನಿಗಿಂತ ಮುಂಚೆ ಬೇಕಾದಷ್ಟು ಜನ ಇದ್ರು, ಕೂತು ಎಣಿಸಿದ್ದಕ್ಕೇ ಮೂರಕ್ಕೊಂದು ಅನ್ನೋದು ಕಂಡಿದ್ದು. ಇನ್ನು ನೀನು ಹೋದ ಸೆಮಿಸ್ಟರ್ ಬಾಯಿಪಾಠ ಮಾಡಿದ, ಜೀನುಗಳ ಪಾಲು ಲೆಕ್ಕ ಹಾಕೋ ಸೂತ್ರ, ಹಾರ್ಡಿ-ವೈನ್‌ಬರ್ಗ್. ಆ ಹಾರ್ಡಿ ಜೀವಶಾಸ್ತ್ರದವನೇ ಅಲ್ಲ, ಗಣಿತದ ಮೇಷ್ಟ್ರು. ಪ್ಯುನೆಟ್ ಅನ್ನೋ ಸ್ನೇಹಿತ ಕೇಳಿದ ಪ್ರಶ್ನೆಗೆ 1908ರಲ್ಲಿ ಒಂದು ಚಿಕ್ಕ ಉತ್ತರ ಬರೆದು ಕಳಿಸಿದ. ಇದನ್ನ ಮೇಡಂ ಪ್ರತಿ ವರ್ಷ ಹೇಳ್ತಾರೆ, ಪ್ರತಿ ವರ್ಷ ಅದೇ ಜಾಗದಲ್ಲಿ ನಗ್ತಾರೆ.

ನೋಡು, ಬುದ್ಧಿವಾದ ಹೇಳಲ್ಲ ಅಂತಲೇ ಕೂತೆ. ಆದ್ರೂ ಬರ್ತಿದೆ. ಓದು.

ನಿನಗೆ ಎಂಎಸ್ಸಿ ಮಾಡೋ ಆಸೆ ಇದೆ ಅಂತ ಅಮ್ಮನ ಹತ್ರ ಹೇಳಿದ್ದೀಯ. ನನ್ನ ಹತ್ರ ಹೇಳಿಲ್ಲ, ಇರಲಿ. ಎಂಎಸ್ಸಿ ಸೀಟಿಗೆ ಬರೆಯೋ ಜಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪೇಪರ್ ಕಟ್ಟಬೇಕು ಅಂದ್ರೆ ಅದರಲ್ಲಿ ಬರೀ ಬಯಾಲಜಿ ಇಲ್ಲ. ಪಿಯುಸಿ ಮಟ್ಟದ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿನೂ ಇದೆ. ಪಿಸಿಎಂಬಿ ಓದಿದವಳು ನೀನು, ಪುಸ್ತಕ ಅಟ್ಟದ ಮೇಲಿದೆ, ರದ್ದಿಗೆ ಹಾಕೋಕೆ ನಾನು ಬಿಟ್ಟಿಲ್ಲ. ನಮ್ಮ ಐಐಎಸ್‌ಸಿ, ಅದೇ ಟಾಟಾ ಇನ್‌ಸ್ಟಿಟ್ಯೂಟಲ್ಲಿ 2011ರಿಂದ ಡಿಗ್ರಿ ನಡೀತಿದೆಯಲ್ಲ, ಅಲ್ಲಿ ಬಯಾಲಜಿ ಮೇಜರ್ ಮಾಡೋ ಮಕ್ಕಳೂ ಮೊದಮೊದಲ ಸೆಮಿಸ್ಟರುಗಳಲ್ಲಿ ಎಲ್ಲರ ಜೊತೆ ಕೂತು ಗಣಿತ ಓದಲೇಬೇಕು. ಅಲ್ಲಿ ಸೀಟ್ ಸಿಗಲಿಲ್ಲ ಅಂತ ಕೊರಗಿದ್ದು ಸಾಕು. ಅವರು ಏನು ಓದ್ತಾರೋ ಅದನ್ನ ಇಲ್ಲೇ ಓದೋಕೆ ಯಾರು ಬೇಡ ಅಂದ್ರು?

ಅಣಬೆ ಕೆಟ್ಟದ್ದು ಅಂತಲ್ಲ. ಅಣಬೆ ಕಲೀಬೇಕು ಅನ್ನಿಸಿದ್ರೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೇಲಿ ತರಬೇತಿ ಕೊಡ್ತಾರೆ, ರಜೇಲಿ ನಾನೇ ಕರ್ಕೊಂಡು ಹೋಗ್ತೀನಿ. ಅದನ್ನ ಆಮೇಲೂ ಕಲೀಬಹುದು. ಲೆಕ್ಕ ಬಿಟ್ಟರೆ ಆಮೇಲೆ ಯಾರೂ ಕೂರಿಸಿ ಹೇಳಿಕೊಡಲ್ಲ. ಇನ್ನೊಂದು, ಜೆನೆಟಿಕ್ಸ್ ಗಟ್ಟಿ ಮಾಡ್ಕೊಳ್ಳದೆ ಮಾಲಿಕ್ಯುಲರ್ ಬಯಾಲಜಿಗೆ ಹೋಗಬೇಡ. ಆರ್ಗ್ಯಾನಿಕ್ ಕೆಮಿಸ್ಟ್ರಿನ ನೀನು ಬೈತೀಯ, ಬಯೋಕೆಮಿಸ್ಟ್ರಿ ಬಂದಾಗ ಅದೇ ಕೈ ಹಿಡಿಯೋದು. ಆರ್ ಅಂತ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಸ್ಟ್ಯಾಟಿಸ್ಟಿಕ್ಸ್ ಪೇಪರ್ ತಗೊಂಡವರು ಅದರಲ್ಲೇ ಮಾಡ್ತಾರೆ, ನಮ್ಮ ಕಂಪ್ಯೂಟರ್ ಹಳೇದಾದ್ರೂ ಓಡುತ್ತೆ. ಮೂರೂ ಪ್ರಾಕ್ಟಿಕಲ್ ರೆಕಾರ್ಡು ಕೊನೇ ವಾರಕ್ಕೆ ಇಡಬೇಡ. ಇದನ್ನ ಸಾವಿರ ಮಕ್ಕಳಿಗೆ ಹೇಳಿದ್ದೀನಿ, ಒಬ್ಬರೂ ಕೇಳಿಲ್ಲ, ನೀನೂ ಕೇಳಲ್ಲ.

ನವೆಂಬರ್ ಹೊತ್ತಿಗೆ ಸೈನ್ಸ್ ಅಕಾಡೆಮಿಯವರ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕು. ಅಕಾಡೆಮಿ ನಮ್ಮ ಬೆಂಗಳೂರಲ್ಲೇ ಇದೆ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು. ಆಯ್ಕೆಯಾದ್ರೆ ಎರಡು ತಿಂಗಳು ನಿಜವಾದ ಲ್ಯಾಬಲ್ಲಿ ಕೆಲಸ. ಅಲ್ಲಿ ಮೊದಲನೇ ದಿನವೇ ನಿನ್ನ ಮುಂದೆ ಅಂಕಿ ಸುರೀತಾರೆ. ಆವತ್ತು ನೀನು ಹಿಂದಿನ ಬೆಂಚಲ್ಲಿ ನಿಂತು ಬಾಟಲಿ ಜೋಡಿಸೋ ಹಾಗಾಗಬಾರದು. ನನ್ನ ಕೆಲಸ ಕೀಳು ಅಂತಲ್ಲ ಪುಟ್ಟಿ. ಅದರಿಂದಲೇ ಊಟ ಮಾಡಿದ್ದೀವಿ. ಆದ್ರೆ ಇಪ್ಪತ್ತಾರು ವರ್ಷ ಎಲ್ಲ ಕೇಳಿಸ್ಕೊಂಡು, ಅರ್ಧ ಅರ್ಥ ಆಗಿ, ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳೋಕಾಗದೆ ನಿಲ್ಲೋದು ಹೇಗಿರುತ್ತೆ ಅಂತ ನಿನಗೆ ಗೊತ್ತಾಗೋದು ಬೇಡ.

ಆವತ್ತು ನೀನು ಎಣಿಸಿದ ಒಟ್ಟು ಮನೆ 63 ಇರಬೇಕು. ಮೇಡಂ "ನೂರಕ್ಕೆ ಹದಿನಾಲ್ಕು" ಅಂದಿದ್ದು ಈಗ ನೆನಪಾಯ್ತು. ಈ ಕಾಗದದ ಅಂಚಲ್ಲಿ ಭಾಗಿಸಿ ನೋಡಿದೆ, 9ಕ್ಕೆ 63 ಆದ್ರೆ ಮಾತ್ರ ಹದಿನಾಲ್ಕು ಬರುತ್ತೆ, 68 ಆದ್ರೆ ಹದಿಮೂರು. ನೀನೂ ಒಂದ್ಸಲ ಹಾಕಿ ನೋಡು, ನನ್ನ ಭಾಗಾಕಾರ ನಂಬೋ ಹಾಗಿಲ್ಲ.

ಅಣಬೆ ಟಿಕ್ ಹಾಗೇ ಬಿಟ್ಟರೂ ನಾನು ಏನೂ ಅನ್ನಲ್ಲ. ಅನ್ನಬಹುದು, ಆದ್ರೆ ಕೂಗಾಡಲ್ಲ. ಫಾರ್ಮ್ ಕೊಡೋ ಮುಂಚೆ ಒಂದು ಜೆರಾಕ್ಸ್ ಇಟ್ಕೋ, ನಿಮ್ಮ ಆಫೀಸಲ್ಲಿ ಒಂದರಿಂದ ಎರಡು ಊಟದ ಹೊತ್ತು. ಕಾಫಿ ಲೋಟದ ಕಲೆ ಫಾರ್ಮಿನ ಮೂಲೇಲಿ ಬಿದ್ದಿದೆ, ಅದು ನಂದೇ, ಸಾರಿ.

ಅಡುಗೆಮನೆ ಕಿಟಕೀಲಿ ಮೂರು ಲೋಟದ ಮೇಲೆ ಈರುಳ್ಳಿ ಕೂರಿಸಿದ್ದೀನಿ, ಬೇರು ಬಿಡೋಕೆ. ಶುಕ್ರವಾರದ ನಿಮ್ಮ ಪ್ರಾಕ್ಟಿಕಲ್ಲಿಗೆ ಅಂತ. ಅಂಗಡಿ ಈರುಳ್ಳಿಗೆ ಕೆಲವು ಸಲ ಬೇರು ಸರಿಯಾಗಿ ಬರಲ್ಲ, ಅದಕ್ಕೇ ಮಾರ್ಕೆಟ್ಟಿಂದ ತಂದೆ. ನೀರು ಬುಡಕ್ಕೆ ತಾಗೋ ಅಷ್ಟೇ ಇರಬೇಕು. ಬೆಳಿಗ್ಗೆ ಅಮ್ಮ ಹುಳಿಗೆ ಹೆಚ್ಚೋಕೆ ಮುಂಚೆ ಹೇಳಿಬಿಡು, ನಾನು ಆರಕ್ಕೇ ಹೊರಡ್ತೀನಿ.

ಅಪ್ಪ