ಹಲಗೆ ಯಾರ ಕೈಗೆ: ಶುಕ್ರವಾರದ ಕಲಾ ಪಿರಿಯಡ್ ಬಗ್ಗೆ ಪೋಷಕರಿಗೊಂದು ಪತ್ರ

ಸರ್ಕಾರಿ ಪ್ರೌಢಶಾಲೆ
ಕೊಪ್ಪಳ ತಾಲ್ಲೂಕು

ಪ್ರೀತಿಯ ಪೋಷಕರೇ,

ನಮಸ್ಕಾರ. ಗವಿಮಠದ ಜಾತ್ರೆ ಮುಗಿಸಿಕೊಂಡು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಕಡಲೆ ಕೀಳುವ, ಜೋಳ ಕೊಯ್ಯುವ ಕೆಲಸ ಜೋರಾಗುವ ಮುಂಚೆ ನಿಮ್ಮ ಹತ್ತು ನಿಮಿಷ ಬೇಕಿತ್ತು. ಓದಲು ಬಾರದ ಹಿರಿಯರಿಗೆ ಈ ಪತ್ರವನ್ನು ಮಕ್ಕಳೇ ಗಟ್ಟಿಯಾಗಿ ಓದಿ ಹೇಳಬೇಕು ಅಂತ ತರಗತಿಯಲ್ಲಿ ಹೇಳಿದ್ದೇನೆ. ನಡುವೆ ಪ್ಯಾರಾ ಹಾರಿಸಿದರೆ ನಿಲ್ಲಿಸಿ ಕೇಳಿ.

ವಿಷಯ ಶುಕ್ರವಾರ ಮಧ್ಯಾಹ್ನದ ಕಲಾ ಪಿರಿಯಡ್‌ನದು. ಈ ವರ್ಷ ಕೊನೆಯ ಎರಡು ಪಿರಿಯಡ್, ಅಂದರೆ 80 ನಿಮಿಷ, ಹಾಡು, ಗೊಂಬೆ, ನಾಟಕ, ಚಿತ್ರ, ಹಲಗೆ (ಚರ್ಮ ಹೊದಿಸಿದ ತಮಟೆಯಂಥ ವಾದ್ಯ) ಅಂತ ಮೀಸಲಿಟ್ಟಿದ್ದೇವೆ. ಅದರ ಬಗ್ಗೆ ದೂರುಗಳು ಬಂದಿವೆ. ಕೆಲವರು ಆಫೀಸಿಗೆ ಬಂದು ಹೇಳಿದಿರಿ, ಕೆಲವರು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರ ಕಿವಿಗೆ ಹಾಕಿದಿರಿ, ಒಬ್ಬರು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದಿರಿ. ಬೇಜಾರಿಲ್ಲ. ಮಕ್ಕಳು ಶಾಲೆಯಲ್ಲಿ ಏನು ಮಾಡುತ್ತಿದ್ದಾರೆ ಅಂತ ಕೇಳುವವರು ಇದ್ದಾರಲ್ಲ, ಅದೇ ಖುಷಿ.

ಎಲ್ಲದಕ್ಕಿಂತ ಜಾಸ್ತಿ ಬಂದ ದೂರು ಹಲಗೆಯದು. ಅದನ್ನು ಹೇಳಬೇಕಾದರೆ ಮೊದಲು ನನ್ನ ತಪ್ಪು ಹೇಳಬೇಕು.

ಆಗಸ್ಟ್‌ನಲ್ಲಿ ಹಲಗೆ ತರಿಸಿದೆವು. ಮೊದಲ ದಿನ ಎಲ್ಲರೂ ಸುತ್ತ ಕೂತಿದ್ದರು. ನಾನು ಒಬ್ಬ ಹುಡುಗನನ್ನು ಕರೆದು, 'ಬಾರೋ, ನೀನು ಬಾರಿಸು' ಅಂತ ಅವನ ಕೈಗೆ ಕೊಟ್ಟೆ. ಅವನು ತಲೆ ತಗ್ಗಿಸಿ ಬಾರಿಸಿದ. ಚೆನ್ನಾಗಿಯೇ ಬಾರಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೂ ಏನೋ ದೊಡ್ಡ ಕೆಲಸ ಮಾಡಿದೆ ಅನ್ನಿಸಿತು. ಶನಿವಾರ ಅವನು ಶಾಲೆಗೆ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಮಂಗಳವಾರ ಅವನ ತಂದೆ ಬಂದರು. ಕೂರಿ ಅಂದರೂ ಕೂರಲಿಲ್ಲ.

'ಸರ್, ನಮ್ಮ ಹುಡುಗನ ಕೈಯಾಗ ಹಲಗಿ ಕೊಡಬ್ಯಾಡ್ರಿ. ಅದನ್ನ ಬಿಡಿಸಾಕಂತ ಅವನ್ನ ಸಾಲಿಗೆ ಹಾಕೀವಿ' ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಆ ಹುಡುಗನಿಗೆ ಹಲಗೆ ಬರುತ್ತೆ ಅಂತ ನನಗೆ ಹೇಳಿದವರು ಯಾರು? ಅವನು ಬಾರಿಸಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೇಳಿದ್ದು ಹಾಜರಿ ಪುಸ್ತಕ. ಅದರಲ್ಲಿ ಅವನ ಹೆಸರಿನ ಮುಂದಿರುವ ಜಾತಿಯ ಕಾಲಂ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ನನ್ನ ಕೈ ತಾನಾಗಿಯೇ ಆ ಕಾಲಂ ಕಡೆ ಹೋಯಿತು. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಊರು ಅವರ ಮನೆಯವರನ್ನು ಹೇಗೆ ಕರೆಯುತ್ತಿತ್ತೋ, ನಾನೂ ಹಾಗೇ ಕರೆದಿದ್ದೆ. ಮಾರನೇ ದಿನ ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದು ಅವರ ಒಪ್ಪಿಗೆ ತಗೊಂಡೇ.

ಆಮೇಲೆ ಚೀಟಿ ಪದ್ಧತಿ ಮಾಡಿದೆವು. ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಹಲಗೆ, ಹಾಡು, ರಾಜನ ಪಾತ್ರ, ಆಳಿನ ಪಾತ್ರ, ಪರದೆ ಕಟ್ಟೋದು, ಗೊಂಬೆ ಕತ್ತರಿಸೋದು, ಕೊನೆಗೆ ಕಸ ಗುಡಿಸೋದು, ಎಲ್ಲದಕ್ಕೂ ಚೀಟಿ. ಪ್ರತಿ ತಿಂಗಳು ಹೊಸದಾಗಿ ಎತ್ತಬೇಕು. ಗೌಡರ ಮನೆಯ ಮಗುವಿಗೆ ಕಸಬರಿಗೆ ಬರಬಹುದು, ಇನ್ನೊಬ್ಬರ ಮಗುವಿಗೆ ಕಿರೀಟ ಬರಬಹುದು.

ಆಗ ಶುರುವಾಯಿತು ನೋಡಿ ಎರಡನೇ ದೂರು. 'ನಮ್ಮ ಹುಡುಗ ಹಲಗಿ ಬಡಿಯೋದೇನ್ರೀ ಸರ್?' ಇದನ್ನು ಕೇಳಿದವರು ಒಬ್ಬರಲ್ಲ. ಒಬ್ಬರಂತೂ ಬುದ್ಧಿವಂತಿಕೆಯಿಂದ ಕೇಳಿದರು: 'ಅವರ ಮಗನಿಗೆ ಬ್ಯಾಡ ಅಂದ್ರ ಬಿಟ್ರಿ, ನಮ್ಮ ಮಗನಿಗೂ ಬ್ಯಾಡ ಅಂದ್ರ ಬಿಡಬೇಕಲ್ರೀ?'

ಕೇಳಲು ನ್ಯಾಯ ಅನ್ನಿಸುತ್ತೆ. ಆದರೆ ಈ ಎರಡು 'ಬೇಡ' ಒಂದೇ ಅಲ್ಲ. ಒಬ್ಬರು, ತಲೆಮಾರುಗಳಿಂದ ನಮ್ಮ ಕೈಗೆ ಕಟ್ಟಿದ್ದನ್ನು ಬಿಚ್ಚಿ ಅನ್ನುತ್ತಿದ್ದಾರೆ. ಇನ್ನೊಬ್ಬರು, ಅದು ಅವರ ಕೈಯಲ್ಲೇ ಇರಲಿ, ನಮಗೆ ತಾಗದಿರಲಿ ಅನ್ನುತ್ತಿದ್ದಾರೆ. ಮೊದಲನೆಯದನ್ನು ಶಾಲೆ ಒಪ್ಪುತ್ತದೆ. ಎರಡನೆಯದನ್ನು ಒಪ್ಪುವುದಿಲ್ಲ. ಮಗುವಿಗೆ ಕೈ ನೋವು, ಹೆದರಿಕೆ, ಶಬ್ದ ಆಗಲ್ಲ ಅಂದರೆ ನನ್ನ ಹತ್ತಿರ ಬಂದು ಹೇಳಲಿ, ಬೇರೆ ಚೀಟಿ ಕೊಡುತ್ತೇನೆ. ಚರ್ಮ ಮುಟ್ಟಬಾರದು ಅನ್ನೋದು ಕಾರಣವಾದರೆ ಆಗುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಅದನ್ನು ಸಮಾಜ ವಿಜ್ಞಾನದ ಪಿರಿಯಡ್‌ನಲ್ಲಿ ಬಾಯಿಪಾಠ ಮಾಡಿಸಿ, ಶುಕ್ರವಾರ ಮರೆತುಬಿಡಲು ಬರುವುದಿಲ್ಲ. ಅಷ್ಟಕ್ಕೂ ಗುಡಿಯಲ್ಲಿ ಭಜನೆಗೆ ಬಾರಿಸುವ ತಬಲಾಕ್ಕೆ ಹೊದಿಸಿರುವುದು ಏನು? ನಮ್ಮ ತೊಗಲು ಗೊಂಬೆಯಾಟದಲ್ಲಿ ರಾಮ, ಸೀತೆ, ಹನುಮಂತ ಎಲ್ಲರೂ ತೊಗಲಿನವರೇ ಅಲ್ವಾ?

ಈಗ ಶುಕ್ರವಾರ ನೀರಿನ ಟ್ಯಾಂಕ್ ಹಿಂದೆ ಬಂದು ನೋಡಿ. ನಾಲ್ಕು ಮಕ್ಕಳು ಒಣ ಸೊಪ್ಪೆ, ಹಳೇ ಪೇಪರ್ ಹೊತ್ತಿಸಿ ಹಲಗೆ ಕಾಯಿಸುತ್ತಿರುತ್ತಾರೆ. ಚಳಿಗೆ, ತಂಪಿಗೆ ಚರ್ಮ ಸಡಿಲ ಆಗಿ 'ದಬ್' ಅನ್ನುತ್ತೆ. ಬಿಸಿಗೆ ತೇವ ಆರಿ ಬಿಗಿಯಾದರೆ 'ಟಣ್' ಅನ್ನುತ್ತೆ. ಜಾಸ್ತಿ ಕಾಯಿಸಿದರೆ ಹರಿದೇ ಹೋಗುತ್ತೆ. ಯಾವಾಗ ತೆಗೆಯಬೇಕು ಅಂತ ಕಿವಿಯಿಂದಲೇ ತಿಳಿಯಬೇಕು. ಕಲಿಸಲು ಪಕ್ಕದ ಊರಿನಿಂದ ಒಬ್ಬ ಹಿರಿಯರು ಬರುತ್ತಾರೆ. ಅವರಿಗೆ ಗೌರವಧನ ಕೊಡುತ್ತೇವೆ, ಸುಮ್ನೆ ಶಾಲು ಹೊದಿಸಿ ಕಳಿಸುವುದಿಲ್ಲ. ಸ್ಟಾಫ್ ರೂಮಿನಲ್ಲಿ ನಮ್ಮ ಜೊತೆ ಕುರ್ಚಿ ಮೇಲೆ ಕೂತು, ನಮ್ಮದೇ ಕಪ್‌ನಲ್ಲಿ ಚಹಾ ಕುಡಿಯುತ್ತಾರೆ. ಮೊದಲ ವಾರ ಅವರು ಕಪ್ ತೊಳೆಯಲು ತಾವೇ ಎದ್ದರು. ಆಗ ನಮ್ಮ ಹಿಂದಿ ಮೇಡಂ 'ಕೊಡ್ರಿ ಕಾಕಾ' ಅಂತ ಇಸಕೊಂಡರು. ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು.

ಮೊಹರಂನಲ್ಲಿ ಎಲ್ಲ ಜಾತಿಯವರೂ ಸೇರಿ ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತೇವಲ್ಲ ಸರ್ ಅಂತ ಒಬ್ಬರು ಹೇಳಿದರು. ಹೌದು, ನಮ್ಮ ಸೀಮೆಯ ದೊಡ್ಡತನ ಅದು. ಆದರೆ ಅಲ್ಲಿಯೂ ಹಲಗೆ ಯಾರ ಕೊರಳಲ್ಲಿರುತ್ತೆ ಅಂತ ಈ ಸಲ ಸ್ವಲ್ಪ ಗಮನಿಸಿ.

ಇನ್ನು ಮಾರ್ಕ್ಸ್ ವಿಷಯ. ಗೊಂಬೆ ಕುಣಿಸಿದರೆ ಎಸ್ಎಸ್ಎಲ್‌ಸಿಯಲ್ಲಿ ಹತ್ತು ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ನಾನು ಹೇಳುವುದಿಲ್ಲ. ಹತ್ತನೇ ತರಗತಿಯ ಗಣಿತ, ವಿಜ್ಞಾನದ ಒಂದು ಪಿರಿಯಡ್ಡೂ ಕಡಿತ ಆಗಿಲ್ಲ, ವೇಳಾಪಟ್ಟಿ ಆಫೀಸಿನ ಗೋಡೆ ಮೇಲಿದೆ. ಕಲೆ ಅನ್ನೋದು ನನ್ನ ಹುಚ್ಚೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಕಲೆಯನ್ನು ಶಾಲೆಯ ಎಲ್ಲ ಹಂತದಲ್ಲೂ ಒಂದು ವಿಷಯವಾಗಿ ಕಲಿಸಬೇಕು ಅಂದಿದೆ. ನಮ್ಮಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ ಇದೆ, ಹಾಗಾಗಿ ಕನ್ನಡ ಮೇಷ್ಟ್ರು, ಪಿಟಿ ಮೇಷ್ಟ್ರು ಸೇರಿ ಸಂಭಾಳಿಸುತ್ತಿದ್ದಾರೆ.

ಆದರೆ ಒಂದು ದಿನ ನಡೆದದ್ದು ಹೇಳಲೇಬೇಕು. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಜಿಲ್ಲೆಯವರೇ. ತೊಗಲು ಗೊಂಬೆಯಾಟದಲ್ಲೇ ಜೀವ ಸವೆಸಿದ ಆ ಅಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಗೆ ಆ ಸುದ್ದಿ ಓದಿಸಿದ ಮೇಲೆ ನಾವೂ ಗೊಂಬೆ ಮಾಡೋಣ ಅಂದರು. ನಮಗೆಲ್ಲಿಂದ ಹದ ಮಾಡಿದ ತೊಗಲು ಬರಬೇಕು? ಮದುವೆ ಕಾರ್ಡು, ರಟ್ಟು ಕತ್ತರಿಸಿ ಮಾಡಿದರು. ತೊಗಲು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುತ್ತಾರೆ, ಅದಕ್ಕೇ ಬಣ್ಣ ಕಾಣುತ್ತೆ. ರಟ್ಟಿನಲ್ಲಿ ಬೆಳಕು ತೂರುವುದಿಲ್ಲ, ಬರೀ ಕಪ್ಪು ನೆರಳು. ಹಾಗಾದರೆ ನೆರಳಾದರೂ ದೊಡ್ಡದು ಮಾಡೋಣ ಅಂತ ಹಿಂದೆ ಮುಂದೆ ಸರಿಸತೊಡಗಿದರು. ಗಣಿತದ ಮೇಷ್ಟ್ರು ಅದನ್ನು ನೋಡಿ ಓಡಿ ಬಂದರು. ಹತ್ತನೇ ತರಗತಿಯ ಸಮರೂಪ ತ್ರಿಭುಜ ಅಲ್ಲೇ ನಿಂತಿತ್ತು. ಬಲ್ಬಿನಿಂದ ಗೊಂಬೆಗೆ ಒಂದು ಮೀಟರ್, ಗೊಂಬೆಯಿಂದ ಪರದೆಗೆ ಅರ್ಧ ಮೀಟರ್. 20 ಸೆಂಟಿಮೀಟರ್ ಗೊಂಬೆಯ ನೆರಳು ಎಷ್ಟು?

ಟೇಪ್ ಹಿಡಿದದ್ದು ಮನೆಯವರ ಜೊತೆ ಕೂಲಿಗಾಗಿ ಗುಳೆ ಹೋಗಿ ಆರು ತಿಂಗಳು ಬೆಂಗಳೂರಿನಲ್ಲಿದ್ದು ಬಂದ ಹುಡುಗಿ. ಅಪ್ಪ ಅವ್ವನ ಜೊತೆ ಕಟ್ಟಡದ ಶೆಡ್‌ನಲ್ಲಿ ಇದ್ದವಳು, ಟೇಪ್ ಅವಳಿಗೆ ಹೊಸದಲ್ಲ. 'ಇಂಚಿನ್ಯಾಗ ಹೇಳ್ರಿ ಸರ್, ಲಗೂನ ಹೇಳ್ತೀನಿ' ಅಂದಳು. ಆಮೇಲೆ ಅಳೆದು 30 ಸೆಂಟಿಮೀಟರ್ ಅಂತ ಅವಳೇ ಹೇಳಿದಳು. ಯಾಕೆ ಒಂದೂವರೆ ಪಟ್ಟು ಅನ್ನೋದನ್ನು ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿದರು. ವಾಪಸ್ ಬಂದ ಮೇಲೆ ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಗುಳೆ ಹೋದದ್ದರಿಂದ ಅವಳು ಕಳೆದುಕೊಂಡಿದ್ದನ್ನಷ್ಟೇ ನಾವು ಲೆಕ್ಕ ಹಾಕುತ್ತಿದ್ದೆವು. ಕಲಿತು ಬಂದದ್ದೇನು ಅಂತ ಯಾರೂ ಕೇಳಿರಲಿಲ್ಲ.

ನಾಟಕದಲ್ಲಿ ಹುಡುಗ ಸೀರೆ ಉಟ್ಟ ಅನ್ನೋ ಇನ್ನೊಂದು ದೂರಿಗೆ ಬರುತ್ತೇನೆ. ಚೀಟಿಯಲ್ಲಿ ರಾಣಿ ಪಾತ್ರ ಬಂತು, ಉಟ್ಟ, ಅಷ್ಟೇ. ನಿಮ್ಮ ಅಜ್ಜಂದಿರು ದೊಡ್ಡಾಟದಲ್ಲಿ ಹೆಣ್ಣು ವೇಷ ಕಟ್ಟಿ ಬೆಳಗಿನ ತನಕ ಕುಣಿದವರು, ಊರೇ ಕೂತು ನೋಡಿದೆ. ಹಾಗೆ ಹೇಳಿ ಸುಲಭವಾಗಿ ಜಾರಿಕೊಳ್ಳಬಹುದು, ಆದರೆ ಪೂರ್ತಿ ಮಾತು ಅದಲ್ಲ. ನಡೆ ನುಡಿ ಬೇರೆ ಥರ ಇರುವ ಮಕ್ಕಳು ಎಲ್ಲ ಶಾಲೆಯಲ್ಲೂ ಇರುತ್ತಾರೆ. ಅವರನ್ನು ಆಡಿಕೊಳ್ಳುವವರೂ ಇರುತ್ತಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ತೃತೀಯಲಿಂಗಿ ಕಲಾವಿದೆ ಮಂಜಮ್ಮ ಜೋಗತಿ ಅವರನ್ನು ನೆನೆಸಿಕೊಳ್ಳಿ. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಕೊನೆಗೆ ಜೋಗತಿ ಕುಣಿತದಿಂದ ನಿಂತವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವೂ ಮೊಬೈಲಿನಲ್ಲಿ ನೋಡಿ ಖುಷಿ ಪಟ್ಟಿರಿ. ಮೊಬೈಲಿನಲ್ಲಿ ಖುಷಿ, ಪಕ್ಕದ ಮನೆಯ ಮಗುವಿಗೆ ನಗೆ, ಇದು ಸರಿ ಅಲ್ಲ. ನಮ್ಮ ಶಾಲೆಯಲ್ಲಿ ಯಾರನ್ನಾದರೂ ಹೀಯಾಳಿಸುವ ಹೆಸರಿಟ್ಟು ಕರೆದರೆ ಪೋಷಕರನ್ನು ಕರೆಸುತ್ತೇನೆ.

ಕೆಲವು ತಾಯಂದಿರು, 'ನಮಗ ಓದು ಬರಾಂಗಿಲ್ಲ, ನಾವೇನು ಕಲಸೂಣ್ರಿ' ಅಂದಿರಿ. ದರೋಜಿ ಈರಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಲೆಮಾರಿ ಬುಡ್ಗಜಂಗಮರ ಹೆಣ್ಣುಮಗಳು. ಹಾಡುತ್ತಾ ಕಥೆ ಹೇಳುವ ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳನ್ನು ಪೂರ್ತಿ ನೆನಪಿನಿಂದ ಹಾಡುತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ನಿಮಗೆ ಬೀಸುವ ಪದ ಬರುತ್ತಾ, ಸೋಬಾನೆ ಬರುತ್ತಾ, ಲಂಬಾಣಿ ಕಸೂತಿ ಬರುತ್ತಾ? ಒಂದು ಶುಕ್ರವಾರ ಬನ್ನಿ. ಅವತ್ತಿನ ಕೂಲಿ ತಪ್ಪುತ್ತೆ ಅಂತ ನನಗೆ ಗೊತ್ತು. ಹಲಗೆಯ ಹಿರಿಯರಿಗೆ ಕೊಡುವಷ್ಟೇ ನಿಮಗೂ ಕೊಡುತ್ತೇವೆ.

ಫೆಬ್ರವರಿಯಲ್ಲಿ ಮರದ ಗೊಂಬೆಗೆ ಹೆಸರಾದ ಕಿನ್ನಾಳಕ್ಕೆ ಹೋಗುತ್ತಿದ್ದೇವೆ. ಹುಣಸೆ ಬೀಜದ ಅಂಟು, ಮರದ ಪುಡಿ, ಗೋಣಿ ಚಿಂದಿ ಕಲಸಿ ಗೊಂಬೆ ಕೀಲು ಕೂಡಿಸುವುದನ್ನು ಚಿತ್ರಗಾರರ ಮನೆಯಲ್ಲೇ ಮಕ್ಕಳು ನೋಡಲಿ. ಬುತ್ತಿ ಕಟ್ಟಿ ಕಳಿಸಿ ಸಾಕು.

ಜನವರಿ 26ರ ಸಂಜೆ ಆರೂವರೆಗೆ ಶಾಲೆಯ ಬಯಲಿನಲ್ಲಿ ಮಕ್ಕಳ ಗೊಂಬೆಯಾಟ, ಹಲಗೆ ಮೇಳ ಇದೆ. ಎಲ್ಲರೂ ಬನ್ನಿ. ಹೆಣ್ಣುಮಕ್ಕಳು ತಡವಾಗಿ ಹೇಗೆ ಬರ್ತಾರೆ ಅಂತ ಕೇಳಿದವರಿಗೆ: ತಾಂಡಾಕ್ಕೂ ಕೆಳಗಿನ ಓಣಿಗೂ ಇಬ್ಬಿಬ್ಬರು ಶಿಕ್ಷಕರು ಮನೆ ತನಕ ಬಿಟ್ಟು ಬರುತ್ತಾರೆ. ಮುಂದಿನ ಸಾಲಿನಲ್ಲಿ ಕುರ್ಚಿ ಇರುವುದಿಲ್ಲ, ಎಲ್ಲರಿಗೂ ಜಮಖಾನ. ಮೊಣಕಾಲು ನೋವಿನ ಹಿರಿಯರಿಗೆ ಪಕ್ಕದಲ್ಲಿ ಬೆಂಚ್ ಹಾಕಿಸುತ್ತೇವೆ.

ಅವತ್ತು ಹಲಗೆ ಚೀಟಿ ಯಾರಿಗೆ ಬಂದಿದೆ ಅಂತ ಈಗಲೇ ಹೇಳುವುದಿಲ್ಲ. ಮೊದಲ ದಿನ ನಾನು ಹಲಗೆ ಕೊಟ್ಟ ಆ ಹುಡುಗ ಈಗ ಗೊಂಬೆಗಳ ಮೊಣಕೈಗೆ ದಾರ ಕಟ್ಟುವ ಕೆಲಸದಲ್ಲಿದ್ದಾನೆ, ಎರಡು ಕೈ ಬೇರೆ ಬೇರೆ ಆಡುವ ಹಾಗೆ ಮಾಡಿದ್ದಾನೆ. ಅವನ ತಂದೆ ಬರುತ್ತೇನೆ ಅಂತಲೂ ಹೇಳಿಲ್ಲ, ಬರಲ್ಲ ಅಂತಲೂ ಹೇಳಿಲ್ಲ.

ಪರದೆಗೆ ಹಳೇ ಬಿಳಿ ಧೋತರ ಬೇಕು. ಮನೆಯಲ್ಲಿ ಇದ್ದರೆ ಒಗೆದು, ಸೋಮವಾರದ ಒಳಗೆ ಮಗುವಿನ ಕೈಯಲ್ಲಿ ಕಳಿಸಿ. ಸಣ್ಣ ತೂತಿದ್ದರೂ ನಡೆಯುತ್ತೆ, ಹೊಲಿಗೆ ಚೀಟಿ ಬಂದವರು ಇದ್ದಾರೆ.

ನಿಮ್ಮ
ಮುಖ್ಯೋಪಾಧ್ಯಾಯ